ಬಸ್ಸಿನಾಗ ಬಂದ ಡಬ್ಬಿ: ನಮ್ಮ ಕಡೆ ಕಾಲೇಜು ಕಲಿತವರಿಗೆ ಊಟ ಹಾಕಿದವರು ಯಾರು?

ಈ ಸಲದ ಕಂತು ಹಾವೇರಿ ಬಸ್ ಸ್ಟ್ಯಾಂಡಿನಿಂದ ಶುರು ಆಗ್ತದೆ. ಮುಂಜಾನೆ ಕಾಲೇಜು ಟೈಮಿಗೆ ಹಳ್ಳಿ ಬಸ್ಸು ಒಂದೊಂದೇ ಬರ್ತಾವೆ. ಪ್ರಯಾಣಿಕರು ಇಳಿಯೋಕಿಂತ ಮೊದಲೇ ಡ್ರೈವರ್ ಬಾಜೂಕಿನ ಬಾಗಿಲಿಗೆ ನಾಲ್ಕೈದು ಹುಡುಗರು ಮುತ್ತಿಗೆ ಹಾಕ್ತಾರೆ. ಬಾನೆಟ್ ಮೇಲೆ ಕೈಚೀಲಗಳ ಸಾಲು. ಒಂದೊಂದರಲ್ಲೂ ಒಂದು ಡಬ್ಬಿ. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಒಳಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಅದೃಷ್ಟ ಇದ್ರ ಸಣ್ಣ ಬಾಟಲಿಯಲ್ಲಿ ಮೊಸರು.

ಹೊಸರಿತ್ತಿಯಿಂದ ಬರೋ ಬಸ್ಸಿನಲ್ಲಿ ಮೂರು ವರ್ಷ ನನ್ನ ಡಬ್ಬಿಯೂ ಬಂದಿದೆ. ನಾನು ಬಿ.ಕಾಂ. ಮಾಡಿದ್ದು ಆ ರೊಟ್ಟಿ ತಿಂದೇ. ಅವ್ವ ನಸುಕಿನಲ್ಲಿ ಎದ್ದು ಬಡಿದ ರೊಟ್ಟಿ, ಅಪ್ಪ ಸ್ಟ್ಯಾಂಡಿಗೆ ತಂದು ಡ್ರೈವರ್ ಕೈಗೆ ಕೊಟ್ಟ ಚೀಲ. ಖಾಲಿ ಡಬ್ಬಿ ಸಂಜೆ ಬಸ್ಸಿಗೆ ವಾಪಸ್. ಅಕೌಂಟ್ಸ್ ಓದಿದವನಾಗಿ ಹೇಳ್ತೀನಿ, ನನ್ನ ಡಿಗ್ರಿಯ ಖರ್ಚಿನ ಲೆಕ್ಕದಲ್ಲಿ ಫೀಸು ಇದೆ, ರೂಮ್ ಬಾಡಿಗೆ ಇದೆ. ಈ ರೊಟ್ಟಿ ಎಲ್ಲೂ ಇಲ್ಲ.

ಅದಕ್ಕೇ ಈ ಪ್ರಶ್ನೆ ಹಿಡಿದು ಹೊರಟೆ. ನಮ್ಮ ಕಡೆ ಹಳ್ಳಿ ಹುಡುಗರು ಕಾಲೇಜು ಹತ್ತಿದ ಮೇಲೆ ಅವರಿಗೆ ಊಟ ಹಾಕಿದವರು ಯಾರು? ಹುಡುಕ್ತಾ ಹೋದಂಗೆ ಗೊತ್ತಾಯ್ತು, ಯಾರು ಓದಬೇಕು ಅನ್ನೋದನ್ನೂ ಬಹಳ ಸಲ ಅವರೇ ತೀರ್ಮಾನ ಮಾಡಿದ್ದಾರೆ.

ನೂರು ವರ್ಷ ಹಿಂದೆ ಹೋಗೋಣ. ಆಗ ಹಾವೇರಿ ಜಿಲ್ಲೆಯಲ್ಲ, ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಒಂದು ಭಾಗ. (ನಾವು ಬೇರೆ ಜಿಲ್ಲೆಯಾದದ್ದು 1997ರಲ್ಲಿ.) ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದರ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ಅದಕ್ಕೂ ಮೊದಲು ಬಿ.ಎ. ಬೇಕಂದ್ರೆ ಪುಣೆಗೋ ಮುಂಬಯಿಗೋ ಹೋಗಬೇಕು. ಬೇಂದ್ರೆಯವರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ನಮ್ಮ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಹೊತ್ತಿಗೆ ಧಾರವಾಡದ ಬಾಗಿಲು ತೆರೆದಿತ್ತು.

ಕಾಲೇಜು ಹತ್ತಿರ ಬಂತು ಸರಿ, ಉಣ್ಣೋದೆಲ್ಲಿ? ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಕೇಳಿರದವರಿಗೆ ಹೇಳ್ತೀನಿ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳೋದು. ಆರೇ ಮನೆ ಸಿಕ್ಕರೆ ಒಂದಿನ ಉಪವಾಸ. ಲಿಂಗಾಯತ ಹುಡುಗರಿಗೆ ಮಠಗಳ ಪ್ರಸಾದ ನಿಲಯ ಬಂದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ದೊಡ್ಡವರಾದವರನ್ನ ಎಣಿಸೋದು ಕಷ್ಟ. ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಹುಡುಗರ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರೇ ಬಂತು.

ಇವೆಲ್ಲ ದೊಡ್ಡ ಕೆಲಸಗಳೇ, ಅನುಮಾನ ಇಲ್ಲ. ಆದ್ರೆ ಪಂಕ್ತಿಯಲ್ಲಿ ಜಾಗ ಸಿಗದವರೂ ಇದ್ದರು. ಅಂಬೇಡ್ಕರರು 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಅದು ಹೈಸ್ಕೂಲ್ ಹುಡುಗರಿಗಾಗಿ ಹಾಸ್ಟೆಲ್ ತೆರೆದ ಊರುಗಳು ಯಾವುವು ಗೊತ್ತಾ? ಪನವೇಲ, ಠಾಣೆ, ನಾಸಿಕ, ಪುಣೆ ಮತ್ತು ನಮ್ಮ ಧಾರವಾಡ. ಈ ಪಟ್ಟಿಯಲ್ಲಿ ಧಾರವಾಡದ ಹೆಸರು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮನೆಮನೆಗೆ ಹೋಗಿ ಉಣ್ಣೋ ವ್ಯವಸ್ಥೆ ಇದ್ದ ಊರಲ್ಲೇ, ಯಾವ ಮನೆಯೂ ಕರೆಯದ ಹುಡುಗರಿಗೆ ಒಂದು ಒಲೆ ಹಚ್ಚೋಕೆ ಬೇರೆ ಸಂಸ್ಥೆಯೇ ಬೇಕಾಯ್ತು.

ಈಗ ಹೊಸರಿತ್ತಿಗೆ ಬರೋಣ. ವರದಾ ದಂಡೆಯ ಈ ಊರಿನ ಹೆಸರು ಪುಸ್ತಕಕ್ಕೆ ಬಂದಿದ್ದು 1943ರ ಏಪ್ರಿಲ್ 1ರಿಂದ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಅವತ್ತು ಇಲ್ಲಿ ಸರ್ಕಾರದ ಕಂದಾಯದ ಹಣದ ಮೇಲೆ ದಾಳಿ ಮಾಡೋವಾಗ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದಾಗ ಮಹಾದೇವಪ್ಪನವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ನಾವು ಡಿಗ್ರಿ ಫಸ್ಟ್ ಇಯರಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಅಂತ ಒದ್ದಾಡೋ ವಯಸ್ಸು ಅದು. ಭೂಗತರಾಗಿದ್ದ ಇಂಥವರಿಗೂ ಹಳ್ಳಿ ಮಂದಿಯ ರೊಟ್ಟಿಯೇ ಗತಿ. ಯಾರೋ ಬಾಗಿಲು ತೆಗೆದು ತಾಟು ಹಾಕದೆ ಭೂಗತ ಹೋರಾಟ ಒಂದು ವಾರವೂ ನಡೆಯಲ್ಲ.

ಇದೇ ಊರಿನವರು ಗುದ್ಲೆಪ್ಪ ಹಳ್ಳಿಕೇರಿ. 1906ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟ, ಏಕೀಕರಣ, ಮುಂದೆ ವಿಧಾನ ಪರಿಷತ್ತಿನ ಸಭಾಪತಿ ಸ್ಥಾನ. ಹಾವೇರಿಯ ಜಿ.ಎಚ್. ಕಾಲೇಜಿನ 'ಜಿ.ಎಚ್.' ಇವರೇ. ನಮ್ಮ ಬಸ್ಸಿನಲ್ಲಿ ದಿನಾ 'ಜೀಎಚ್ಚು, ಜೀಎಚ್ಚು' ಅಂತಿದ್ದ ಎಷ್ಟೋ ಮಂದಿಗೆ ಅದು ನಮ್ಮೂರ ಹಿರಿಯರ ಹೆಸರು ಅಂತ ಗೊತ್ತಿರಲಿಲ್ಲ. ನನಗೂ.

ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲವೂ ಅವರ ನೆನಪಿನ ಜೊತೆ ಸೇರಿಕೊಂಡದ್ದು. ಅಲ್ಲಿ ಮಕ್ಕಳು ಖಾದಿ ಉಡ್ತಾರೆ, ದನ ನೋಡಿಕೊಳ್ತಾರೆ, ಹೊಲದಲ್ಲಿ ಕೆಲಸ ಮಾಡ್ತಾರೆ. ಇದರ ಬೇರು 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ನಯಿ ತಾಲೀಮ್‌ನಲ್ಲಿದೆ. ಮಗು ಕೈಕೆಲಸದ ಮೂಲಕವೇ ಕಲೀಬೇಕು, ಆ ದುಡಿಮೆಯಿಂದ ಶಾಲೆಯ ಖರ್ಚೂ ಹುಟ್ಟಬೇಕು ಅನ್ನೋ ವಿಚಾರ. ಅಂದ್ರ, ಊಟ ಹಾಕೋರು ಯಾರು ಅನ್ನೋ ಪ್ರಶ್ನೆಗೆ ಇನ್ನೊಂದು ಉತ್ತರ: ಓದೋನೇ. ಇಡೀ ದೇಶ ಆ ದಾರಿಯಲ್ಲಿ ಹೋಗಲಿಲ್ಲ. ನಾನೂ ಹೋಗ್ತಿರಲಿಲ್ಲ ಬಿಡ್ರಿ, ಸಗಣಿ ಬಳಿಯೋದು ತಪ್ಪಲಿ ಅಂತಲೇ ಅಪ್ಪ ನನ್ನನ್ನ ಹಾವೇರಿಗೆ ಕಳಿಸಿದ್ದು.

ಹೆಣ್ಣುಮಕ್ಕಳಿಗೆ ಈ ಡಬ್ಬಿಯ ಕತೆ ಅಷ್ಟಾಗಿ ಅನ್ವಯಿಸಲ್ಲ. ಊರಲ್ಲಿ ರೂಮ್ ಮಾಡಿ ಇಡೋದು ಗಂಡುಹುಡುಗರನ್ನ. ನನ್ನ ತಂಗಿ ದಿನಾ ಓಡಾಡಿಯೇ ಡಿಗ್ರಿ ಮುಗಿಸಿದಳು, ತನ್ನ ಡಬ್ಬಿ ತಾನೇ ಕಟ್ಟಿಕೊಂಡು, ಪಾಸ್ ಮಾಡಿಸಿಕೊಂಡು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ, "ನಾ ಕಲಿಯೂದು ಮುಗಿದ ಮ್ಯಾಲೆ ಫ್ರೀ ಮಾಡ್ಯಾರ" ಅಂತ ಬೈದಳು.

ಕೊನೆಗೆ ಒಂದು ವಿಷಯ. ಇದನ್ನ ಹೇಳಬೇಕೋ ಬೇಡವೋ ಅಂತ ಎರಡು ವಾರ ಕಂತು ತಡ ಮಾಡಿದೆ.

2016ರ ಜುಲೈನಲ್ಲಿ ರಾಜ್ಯದ ಸಾರಿಗೆ ನೌಕರರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಬಸ್ಸು ನಿಂತವು, ಡಬ್ಬಿಯೂ ನಿಂತವು. ರೂಮಿನಲ್ಲಿ ನಾವು ಮೂವರು. ಮೊದಲ ದಿನ ಮಂಡಕ್ಕಿ, ಬಾಳೆಹಣ್ಣು. ಎರಡನೇ ದಿನ ಮನೆ ಮಾಲಕಿ ಅಕ್ಕ ಮೇಲೆ ಬಂದು, "ಬರ್ರಿ, ಊಟ ಮಾಡ್ರಿ, ಮಕ್ಕಳು ಉಪಾಸ ಇರಬಾರ್ದು" ಅಂತ ಕರೆದರು. ಬಾಗಿಲಲ್ಲೇ ಕೇಳಿದರು, ಬರೇ ಮಾತಿಗೆ ಕೇಳಿದಂಗೆ: "ನಿಮ್ಮ ಪೈಕಿ ಯಾರಪ್ಪಾ?" ನನ್ನನ್ನ ಕೇಳಿದರು, ಹೇಳಿದೆ. ಎರಡನೆಯವನೂ ಹೇಳಿದ. ಮೂರನೆಯವನು, ಬ್ಯಾಡಗಿ ಕಡೆಯವನು, "ನಂಗ ಹಸಿವಿಲ್ರೀ ಅಕ್ಕಾ" ಅಂದ. ವೆಲ್‌ಫೇರ್ ಹಾಸ್ಟೆಲಿನಲ್ಲಿ ಸೀಟು ಸಿಗದೆ ನಮ್ಮ ರೂಮಿಗೆ ಬಂದವನು. ಒಂದು ವರ್ಷ ಅವನ ಡಬ್ಬಿಯ ಖಾರದ ಚಟ್ನಿಗೆ ನಾವಿಬ್ಬರೂ ಕಿತ್ತಾಡಿ ಕೈಹಾಕಿದ್ದೆವು. ಹಿಂದಿನ ರಾತ್ರಿ ಅವನೂ ನಮ್ಮಷ್ಟೇ ಮಂಡಕ್ಕಿ ತಿಂದಿದ್ದ.

ನಾನು ಕೆಳಗೆ ಹೋದೆ. ಹೊಟ್ಟೆ ತುಂಬ ಉಂಡೆ. ಅಕ್ಕ ಕೆಟ್ಟವರಲ್ಲ, ಪ್ರೀತಿಯಿಂದ ಬಡಿಸಿದರು. ಅವನಿಗಾಗಿ ಎರಡು ರೊಟ್ಟಿ ಕೇಳಿ ತರಬಹುದಿತ್ತು, ಅದನ್ನೂ ಮಾಡಲಿಲ್ಲ. ಕೇಳಿದ್ರೆ ಯಾಕೆ ಬರಲಿಲ್ಲ ಅನ್ನೋದು ಬಾಯಿಗೆ ಬರ್ತದೆ ಅಂತ ಹೆದರಿದೆ.

ಮುಷ್ಕರ ಮುಗಿದ ದಿನ ಅವನ ಡಬ್ಬಿ ಬಂತು. ಎಂದಿನಂತೆ ನಡುವೆ ಇಟ್ಟು ಮುಚ್ಚಳ ತೆಗೆದ.

ಈ ಕಂತು ರೆಕಾರ್ಡ್ ಮಾಡೋ ಮೊದಲು ಅವನಿಗೆ ಫೋನ್ ಹಚ್ಚಿ ಒಪ್ಪಿಗೆ ಕೇಳಿದೆ. ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೆಸರೊಂದು ಹಾಕಬ್ಯಾಡ, ಉಳಿದದ್ದು ಹೇಳು" ಅಂದ. ಆಮೇಲೆ ಕೇಳಿದ: "ಅವತ್ತು ಕೆಳಗ ಏನ್ ಪಲ್ಯ ಇತ್ತಲೇ?"

ಪುಂಡಿಪಲ್ಯ ಅಂದೆ.