ಮಾತಿಗೆ ಗೆರೆ ಎಲ್ಲಿ? ನಮ್ಮ ನೆಲದ ಇತಿಹಾಸ ಹೇಳುವ ಉತ್ತರ

ಮಾತಿನ ಸ್ವಾತಂತ್ರ್ಯಕ್ಕೆ ಕಾನೂನು ಎಲ್ಲಿ ಗೆರೆ ಎಳೆಯಬೇಕು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಾವು ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಿಲ್ಲ. 1948ರವರೆಗೆ ಈ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ 1920ರ ದಶಕದಿಂದಲೇ 'ಗಶ್ತಿ ನಿಶಾನ್ 53' ಎಂಬ ಸುತ್ತೋಲೆ ಜಾರಿಯಲ್ಲಿತ್ತು. ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಶಾಂತಿಪಾಲನೆಯ ಹೆಸರಿನ ಆ ಗೆರೆ ವಾಸ್ತವದಲ್ಲಿ ಕಾಪಾಡಿದ್ದು ಅಧಿಕಾರವನ್ನೇ.

ಆ ಸಂಸ್ಥಾನದ ರಾಜಧಾನಿಯಲ್ಲಿ ಶೋಯಬುಲ್ಲಾ ಖಾನ್ ಎಂಬ ಯುವ ಪತ್ರಕರ್ತರಿದ್ದರು. ಅವರು 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯ ಸಂಪಾದಕರು. ರಜಾಕಾರರ ಹಿಂಸೆಯನ್ನು ಖಂಡಿಸಿದರು. ಸಂಸ್ಥಾನವು ಭಾರತದೊಂದಿಗೆ ಸೇರಬೇಕೆಂದು ಬರೆದರು. 1948ರ ಆಗಸ್ಟ್ 21-22ರ ನಡುರಾತ್ರಿ ಮನೆಗೆ ಮರಳುವಾಗ ಅವರನ್ನು ಕೊಲ್ಲಲಾಯಿತು. ಬರೆಯುವ ಕೈಯನ್ನೂ ಕಡಿಯಲಾಯಿತು. ಕೊಂದವರು ಇಸ್ಲಾಮಿನ ಹೆಸರು ಹೇಳುತ್ತಿದ್ದ ಪಡೆಯವರು; ಸತ್ತವರು ಕಲಿಮಾ ಹೇಳುವ ಮುಸ್ಲಿಮರು. ಈ ಸತ್ಯವನ್ನು ನಾವು ಮರೆಯಬಾರದು.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. ಆ ವರ್ಷದ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಕೊನೆಗೊಂಡಿತು. ಅನಂತರ ಅಮಾಯಕ ಮುಸ್ಲಿಮರ ಮೇಲೆ ಘೋರ ಹಿಂಸೆ ನಡೆಯಿತು. ಕೇಂದ್ರ ಸರಕಾರವೇ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿಯು ಕನಿಷ್ಠ 27 ಸಾವಿರದಿಂದ 40 ಸಾವಿರ ಜನರು ಸತ್ತಿರಬಹುದೆಂದು ಅಂದಾಜಿಸಿತು. ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾವೂ ಒಂದು. ಆದರೆ ಆ ವರದಿಯು ದಶಕಗಳ ಕಾಲ ಪ್ರಕಟವಾಗಲಿಲ್ಲ. ಪತ್ರಕರ್ತನ ಮಾತನ್ನು ಕತ್ತಿ ತಡೆಯಿತು. ನೊಂದವರ ಮಾತನ್ನು ಕಡತ ತಡೆಯಿತು.

ಹಾಗಾದರೆ ಯಾವ ಮಾತಿಗೂ ಎಲ್ಲೆಯೇ ಬೇಡವೇ? ಬೇಕು. ಕೊಲ್ಲಲು ಪ್ರೇರೇಪಿಸುವ ಮಾತು ಕೊಲೆಯ ಮೊದಲ ಹೆಜ್ಜೆ. ಸಂವಿಧಾನದ 19ನೇ ವಿಧಿ ಸ್ವಾತಂತ್ರ್ಯವನ್ನು ನೀಡಿ, ಅದರ ಎರಡನೇ ಖಂಡದಲ್ಲಿ ಸಕಾರಣವಾದ ನಿರ್ಬಂಧಕ್ಕೂ ಅವಕಾಶವಿಟ್ಟಿದೆ. ಧರ್ಮನಿಂದೆಯ ಕಾನೂನನ್ನು ಎತ್ತಿಹಿಡಿದ 1957ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉದ್ದೇಶಪೂರ್ವಕವಾದ, ದುರುದ್ದೇಶದ ಅವಮಾನವಷ್ಟೇ ಅದರ ವ್ಯಾಪ್ತಿಗೆ ಬರುತ್ತದೆಂದಿತು. 2015ರ ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರ್ಪಡಿಸಿತು. ಮೊದಲೆರಡು ಎಷ್ಟೇ ಅಪ್ರಿಯವಾದರೂ ಸ್ವತಂತ್ರ. ಕಾನೂನು ಪ್ರವೇಶಿಸುವುದು ಮೂರನೆಯದರಲ್ಲಿ. ಗೆರೆ ಅಲ್ಲೇ ಇರಲಿ, ಎಲ್ಲರಿಗೂ ಒಂದೇ ಆಗಿರಲಿ ಎಂಬುದು ನಮ್ಮ ನಿಲುವು. ಅದನ್ನು ಇನ್ನೂ ಹಿಂದಕ್ಕೆ ಎಳೆದರೆ ಶೋಯಬುಲ್ಲಾರಂತಹವರೇ ಮೊದಲ ಅಪರಾಧಿಗಳಾಗುತ್ತಾರೆ.

ಕಾನೂನು ಮುಟ್ಟದ ಜಾಗದಲ್ಲಿ ದೀನ್ ನಮ್ಮನ್ನು ತಡೆಯುತ್ತದೆ. ಅನ್ಯರು ಪೂಜಿಸುವವುಗಳನ್ನು ನಿಂದಿಸಬಾರದೆಂದು ಅಲ್ ಅನ್‌ಆಮ್ ಅಧ್ಯಾಯವೂ, ಪರಸ್ಪರ ಅಪಹಾಸ್ಯ ಮಾಡಬಾರದೆಂದೂ ಸುದ್ದಿಯನ್ನು ಪರಿಶೀಲಿಸಬೇಕೆಂದೂ ಅಲ್ ಹುಜುರಾತ್ ಅಧ್ಯಾಯವೂ ಕಲಿಸುತ್ತವೆ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಪ್ರಿಯವಲ್ಲ; ಆದರೆ ಅನ್ಯಾಯಕ್ಕೊಳಗಾದವನಿಗೆ ವಿನಾಯಿತಿಯಿದೆ ಎಂಬುದು ಅನ್ನಿಸಾ ಅಧ್ಯಾಯದ 148ನೇ ಸೂಕ್ತದ ಬೋಧನೆ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ'ವೂ ಪರರ ವಿಚಾರವನ್ನು, ಪರರ ಧರ್ಮವನ್ನು ಸಹಿಸುವುದನ್ನೇ ನಿಜವಾದ ಸಂಪತ್ತೆಂದು ಬಗೆಯಿತು.

ಆದ್ದರಿಂದ ನಮ್ಮ ಮನಸ್ಸು ನೊಂದಾಗ ಉತ್ತರವು ಲೇಖನಿಯಿಂದ ಬರಲಿ, ಪ್ರಾಣಕ್ಕೆ ಬೆದರಿಕೆ ಬಂದಾಗ ನ್ಯಾಯಾಲಯದಿಂದ ಬರಲಿ. ಬೀದಿಯಿಂದ ಎಂದಿಗೂ ಬಾರದಿರಲಿ. ಸತ್ಯವನ್ನು ನುಡಿಯುವ ಧೈರ್ಯವನ್ನೂ, ನಾಲಿಗೆಯನ್ನು ಕಾಯುವ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.