ತಾನ್ಸಾ ಕಾಡಿನ ಕಿರುಗೂಬೆ

ಮುಂಬಯಿಯ ನಮ್ಮ ನಲ್ಲಿಗಳಿಗೆ ಬರುವ ನೀರಿನಲ್ಲಿ ಒಂದು ಪಾಲು ತಾನ್ಸಾ ಸರೋವರದ್ದು. ಅದರ ಸುತ್ತಲಿನ ಅಭಯಾರಣ್ಯದಲ್ಲಿ 2014ರಲ್ಲಿ ಪಕ್ಷಿಪ್ರಿಯರ ಕಣ್ಣಿಗೆ ಒಂದು ಕಿರುಗೂಬೆ ಬಿತ್ತು. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್ ಎನ್ನುವ ಈ ಹಕ್ಕಿ ದೂರದ ಸಾತ್ಪುರದ ಕಡೆಯದೆಂದೇ ಎಲ್ಲರೂ ತಿಳಿದಿದ್ದರು. ಸಹ್ಯಾದ್ರಿಯ ಮಗ್ಗುಲಲ್ಲಿ ಇದ್ದೀತೆಂದು ಎಣಿಸಿರಲಿಲ್ಲ.

ಈ ಹಕ್ಕಿಯ ಊರಿನ ವಿಚಾರವೇ ಹಿಂದೊಮ್ಮೆ ದೊಡ್ಡ ಮೋಸಕ್ಕೆ ಗುರಿಯಾಗಿತ್ತು. 1873ರಲ್ಲಿ ಹ್ಯೂಮ್ ಸಾಹೇಬರು ಇದಕ್ಕೆ ಹೆಸರಿಟ್ಟರು. 1884ರ ಬಳಿಕ ಸಿಕ್ಕಿದ್ದು ಒಂದೇ ಒಂದು ಚರ್ಮ. 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ತಾವೇ ಹಿಡಿದದ್ದೆಂದು ಕರ್ನಲ್ ಮೈನರ್ಟ್ಸ್‌ಹೇಗನ್ ಅದಕ್ಕೆ ಚೀಟಿ ಕಟ್ಟಿದ್ದರು. ಅಮೆರಿಕದ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರು ಅದನ್ನು ಎಕ್ಸ್-ರೇಗೆ ಹಿಡಿದು, ಹೊಲಿಗೆಯನ್ನು ಪರೀಕ್ಷಿಸಿದರು. ಅದು ಖಾನದೇಶದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್‌ಸನ್ನರ ಕೈಕೆಲಸ! (ನಮ್ಮ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದವರೂ ಇವರೇ.) ಕರ್ನಲ್ ಸಾಹೇಬರು ಮ್ಯೂಜಿಯಮ್ಮಿನಿಂದ ಅದನ್ನು ಎಗರಿಸಿ, ಊರು, ತಾರೀಕು ಎರಡನ್ನೂ ಬದಲಿಸಿದ್ದರು. ಅಷ್ಟು ಹೆಸರು ಮಾಡಿದವರಿಗೆ ಈ ಕಳ್ಳತನ ಏಕೆ ಬೇಕಿತ್ತೋ!

ಮಾಂಡವಿಯನ್ನು ಬದಿಗಿಟ್ಟು, ರಾಸ್ಮುಸೆನ್ನರ ತಂಡ ಹಳೆಯ ನಿಜವಾದ ಠಾವುಗಳನ್ನೇ ಹುಡುಕುತ್ತ ಹೊರಟಿತು. 1997ರ ನವೆಂಬರ್ 25ರ ಬೆಳಿಗ್ಗೆ, ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಹಕ್ಕಿ ಕಣ್ಣೆದುರಿಗೇ ಕೂತಿತ್ತು, 113 ವರ್ಷಗಳ ಬಳಿಕ. ಗೂಬೆಯಾದರೂ ಇದು ಹಗಲಿನಲ್ಲಿ ಓಡಾಡುವ ಜಾತಿ.

ವಿಚಿತ್ರವೆಂದರೆ, ಮುಂದೆ ಗುಜರಾತಿನ ಡಾಂಗ್ ಕಾಡಿನಲ್ಲಿಯೂ ಇದು ನಿಜವಾಗಿಯೇ ಸಿಕ್ಕಿತು. ತಾನ್ಸಾದ್ದಕ್ಕಂತೂ ಯಾರ ಚೀಟಿಯೂ ಬೇಕಾಗಲಿಲ್ಲ. ಕಂಡವರು ಫೋಟೋ ತೆಗೆದರು, ಆಮೇಲೆ ಹುಡುಕಿಕೊಂಡು ಹೋದವರಿಗೂ ಅದು ಕಂಡಿತು.