ಕಾರು ತಗ್ಗಿಸಿದರೆ ತಿರುವಿನಲ್ಲಿ ಏನಾಗುತ್ತದೆ? ಒಂದು ಸ್ಟ್ರಟ್‌ನ ಇತಿಹಾಸ

ನಮ್ಮ ತಾಲ್ಲೂಕು ರಸ್ತೆಗಳಲ್ಲಿ ಈಗ ಹೊಟ್ಟೆ ನೆಲಕ್ಕೆ ತಾಗುವಂತೆ ತಗ್ಗಿಸಿದ ಹಳೇ ಮಾರುತಿ 800, ಸ್ವಿಫ್ಟ್ ಕಾರುಗಳು ಕಾಣುತ್ತವೆ. ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿದರೆ ಕಾರು ಇಳಿಯುತ್ತದೆ. ಕಾರು ತಗ್ಗಿದಷ್ಟೂ ಗ್ರಿಪ್ ಜಾಸ್ತಿ ಎಂದು ಹುಡುಗರು ನಂಬುತ್ತಾರೆ. ಇದು ಅರ್ಧ ಸತ್ಯ. ಇನ್ನರ್ಧ ತಿಳಿಯಬೇಕಾದರೆ ಮುಂದಿನ ಚಕ್ರದ ಹಿಂದಿರುವ ಸ್ಟ್ರಟ್‌ನ ಕಥೆ ಕೇಳಬೇಕು.

ಇದನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅವರು ಜನರಲ್ ಮೋಟರ್ಸ್‌ನಲ್ಲಿ ಶೆವ್ರೊಲೆ ಕೆಡೆಟ್ ಎಂಬ ಸಣ್ಣ, ಅಗ್ಗದ ಕಾರು ರೂಪಿಸುತ್ತಿದ್ದರು. 1947ರಲ್ಲಿ ಆ ಯೋಜನೆ ನಿಂತಿತು. ಅವರು ಫೋರ್ಡ್ ಸೇರಿದರು. 1950ರ ಲಂಡನ್ ಮೋಟಾರ್ ಪ್ರದರ್ಶನದಲ್ಲಿ ಬಂದ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳ ಮುಂದಿನ ಚಕ್ರಗಳಿಗೆ ಅವರ ಸ್ಟ್ರಟ್ ಇತ್ತು. 1983ರಲ್ಲಿ ಬಂದ ಮಾರುತಿ 800ರಲ್ಲೂ ಅದೇ, ಇಂದಿನ ಸ್ವಿಫ್ಟ್‌ನಲ್ಲೂ ಅದೇ.

ಮ್ಯಾಕ್‌ಫರ್ಸನ್ ಜಾಣತನ ಸರಳವಾದದ್ದು. ಶಾಕ್ ಅಬ್ಸಾರ್ಬರನ್ನೇ ಕಂಬವಾಗಿಸಿ, ಅದರ ಸುತ್ತ ಸ್ಪ್ರಿಂಗ್ ಕೂರಿಸಿ, ಕೆಳಗೆ ಒಂದೇ ಲೋವರ್ ಆರ್ಮ್ ಇಟ್ಟರು. ಮೇಲಿನ ಆರ್ಮ್ ಬೇಕಾಗಲಿಲ್ಲ. ಜಾಗ ಉಳಿಯಿತು, ಖರ್ಚೂ ಉಳಿಯಿತು. ಆದರೆ ಚಕ್ರ ಹೇಗೆ ವಾಲಬೇಕು ಎಂಬುದನ್ನು ಆ ಒಂದು ಆರ್ಮ್‌ನ ಕೋನವೇ ಬಹುಪಾಲು ತೀರ್ಮಾನಿಸುತ್ತದೆ.

ಕಂಪನಿಯಿಂದ ಬಂದ ಎತ್ತರದಲ್ಲಿ ಈ ಆರ್ಮ್ ಸಾಮಾನ್ಯವಾಗಿ ಚಕ್ರದ ಕಡೆಗೆ ತುಸು ಇಳಿಜಾರಾಗಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಭಾರ ಬಿದ್ದು ಆರ್ಮ್ ಮೇಲೆದ್ದಾಗ ಚಕ್ರದ ಬುಡ ಹೊರಕ್ಕೆ ಸರಿಯುತ್ತದೆ, ಟೈರು ರಸ್ತೆಗೆ ಚೆನ್ನಾಗಿ ಕೂರುತ್ತದೆ. ಕಾರು ತೀರಾ ತಗ್ಗಿದರೆ ಆರ್ಮ್ ಮೊದಲೇ ಮಟ್ಟ ದಾಟಿ ಮೇಲ್ಮುಖವಾಗಿರುತ್ತದೆ. ಆಗ ಭಾರ ಬಿದ್ದರೆ ಚಕ್ರದ ಬುಡ ಒಳಕ್ಕೆ ಎಳೆಯಲ್ಪಡುತ್ತದೆ, ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದಿಲ್ಲ. ತಿರುವಿನಲ್ಲಿ ಬಾಡಿ ವಾಲುವುದು ರೋಲ್ ಸೆಂಟರ್ ಎಂಬ ಬಿಂದುವಿನ ಸುತ್ತ. ಕಾರನ್ನು ಎರಡು ಇಂಚು ಇಳಿಸಿದರೆ ಅದರ ಭಾರದ ಕೇಂದ್ರ ಹೆಚ್ಚೆಂದರೆ ಎರಡು ಇಂಚು ಇಳಿಯುತ್ತದೆ. ಸ್ಟ್ರಟ್ ಕಾರಿನಲ್ಲಿ ರೋಲ್ ಸೆಂಟರ್ ಅದಕ್ಕಿಂತ ಹೆಚ್ಚು ಕುಸಿಯುತ್ತದೆ. ಎರಡರ ನಡುವಿನ ಅಂತರ ಬೆಳೆಯುತ್ತದೆ. ಸನ್ನೆಕೋಲು ಉದ್ದವಾದಷ್ಟೂ ಕಲ್ಲು ಸಲೀಸಾಗಿ ಏಳುವುದಿಲ್ಲವೇ? ಹಾಗೆಯೇ, ತಗ್ಗಿಸಿದ ಕಾರನ್ನು ವಾಲಿಸುವ ಬಲಕ್ಕೆ ಉದ್ದದ ಸನ್ನೆಕೋಲು ಸಿಕ್ಕಂತಾಗುತ್ತದೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಅದು ಶೇಕಡಾ 20ರಷ್ಟು ಗಟ್ಟಿಯಾಗುವುದು ನಿಜ. ಆದರೆ ಇದನ್ನೆಲ್ಲ ತಡೆಯಲು ಅಷ್ಟು ಸಾಲದೆ ಹೋಗಬಹುದು. ಶಾಕ್ ಅಬ್ಸಾರ್ಬರ್ ಕುಗ್ಗಲು ಉಳಿದಿರುವ ಜಾಗವೂ ಕಡಿಮೆ. ತಿರುವಿನ ನಡುವೆ ಅದು ತಳ ಮುಟ್ಟಿದರೆ ಮುಂದಿನ ಟೈರು ಹಿಡಿತ ಬಿಟ್ಟು, ಸ್ಟೇರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಜಾರಬಹುದು.

ಕಾರು ತಗ್ಗಿಸುವ ಶೋಕಿ ಹೊಸತಲ್ಲ. ಮಹಾಯುದ್ಧದ ನಂತರ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಯುವಕರು ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟು, ಸ್ಪ್ರಿಂಗ್ ಕತ್ತರಿಸಿ ಕಾರು ಇಳಿಸುತ್ತಿದ್ದರು. ಚಕ್ರದ ರಿಮ್ಮಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇರಬಾರದೆಂದು ಕ್ಯಾಲಿಫೋರ್ನಿಯಾ 1958ರಲ್ಲಿ ಕಾನೂನು ತಂದಿತು. ಮರುವರ್ಷ ರಾನ್ ಅಗಿರೆ ಎಂಬವರು ಹೈಡ್ರಾಲಿಕ್ ಪಂಪ್ ಜೋಡಿಸಿ, ಸ್ವಿಚ್ ಒತ್ತಿದರೆ ಏಳುವ, ಇಳಿಯುವ ಕಾರು ಮಾಡಿದರು. ಆದರೆ ಅವರೆಲ್ಲರ ಗುರಿ ಮೆರವಣಿಗೆಯಂತೆ ಮೆಲ್ಲಗೆ ಸಾಗುವುದಾಗಿತ್ತು.

ವೇಗಕ್ಕಾಗಿ ತಗ್ಗಿಸಿದವರು ರೇಸಿನವರು. ಅವರು ಸ್ಪ್ರಿಂಗ್ ಒಂದನ್ನೇ ಮುಟ್ಟಿ ಬಿಡಲಿಲ್ಲ. ಸ್ಟ್ರಟ್‌ನ ಬುಡದಲ್ಲಿ ಲೋಹದ ಸ್ಪೇಸರ್ ಇಟ್ಟೋ, ಆರ್ಮ್‌ನ ಒಳತುದಿಯನ್ನು ಮೇಲಕ್ಕೆ ಸರಿಸಿಯೋ ಅದರ ಕೋನವನ್ನು ಸರಿಪಡಿಸಿದರು. ಜೊತೆಗೆ ಟೈ ರಾಡ್‌ನ ಕೋನವನ್ನೂ ಹೊಂದಿಸಿದರು. ಇಲ್ಲವಾದರೆ ಗುಂಡಿ ಸಿಕ್ಕಾಗಲೆಲ್ಲ ಚಕ್ರ ತಾನಾಗಿಯೇ ತುಸು ತಿರುಗುತ್ತದೆ.

ನಮ್ಮಲ್ಲಿ ಆಗುತ್ತಿರುವುದು ಇವೆರಡರ ಬೆರಕೆ. ಅಂದ ಮೆರವಣಿಗೆಯವರದು, ಓಟ ರೇಸಿನವರದು, ನಡುವಿನ ಕೆಲಸ ಮಾತ್ರ ಯಾರೂ ಮಾಡಿಸುವುದಿಲ್ಲ. ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಇಂಥ ಕಾರಿದ್ದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಗ್ಗಿ, ಲೋವರ್ ಆರ್ಮ್ ನೋಡಿ. ಅದು ಚಕ್ರದ ಕಡೆಗೆ ಏರಿದ್ದರೆ, ಎದುರಿಗೆ ಲಾರಿ ಬರುವ ತಿರುವಿಗೆ ಆ ಕಾರು ಸಿದ್ಧವಾಗಿಲ್ಲ ಎಂದೇ ತಿಳಿಯಿರಿ.